ರಿಯಾಯಿತಿಗೆ ಯಾಕೆ ಕೈಮುಗಿಯಬೇಕು?

ನಮ್ಮ ಪುರಸಭೆ, ನಗರಸಭೆಗಳಲ್ಲಿ ಒಂದು ನಿಯಮವಿದೆ. ವರ್ಷದ ಮನೆ ಕಂದಾಯವನ್ನು ಏಪ್ರಿಲ್ ತಿಂಗಳೊಳಗೆ ಪೂರ್ತಿ ಕಟ್ಟಿದರೆ ನೂರಕ್ಕೆ 5 ರಿಯಾಯಿತಿ. ಬಹಳ ತಡಮಾಡಿದವರಿಗೆ ಬಡ್ಡಿ. ಎಲ್ಲರಿಗೂ ಒಂದೇ ಕಾನೂನು, ಇದರಲ್ಲಿ ಅನ್ಯಾಯ ಎಲ್ಲಿಂದ ಬಂತು ಅಂತ ಕೇಳುವವರಿದ್ದಾರೆ.

ಲೆಕ್ಕ ಹಾಕಿ ನೋಡೋಣ. 50,000 ಕಂದಾಯದ ಬಂಗಲೆಗೆ ಉಳಿಯೋದು 2,500 ರೂಪಾಯಿ. 1,000 ಕಂದಾಯದ ಶೀಟಿನ ಮನೆಗೆ 50. ಆ 50ಕ್ಕಾಗಿ ಕೂಲಿ ಹೆಣ್ಣುಮಗಳು ಒಂದು ದಿನದ ಕೂಲಿ ಬಿಟ್ಟು ಕೌಂಟರಿನ ಮುಂದೆ ನಿಲ್ಲಬೇಕು. 'ಸರ್ವರ್ ಇಲ್ಲ, ನಾಳೆ ಬಾಮ್ಮ' ಅಂದರೆ ಎರಡು ದಿನದ ಕೂಲಿ. ಮನೆಯಲ್ಲೇ ಕೂತು ಮೊಬೈಲಿನಲ್ಲಿ ಕಟ್ಟಬಹುದಲ್ಲ ಅಂತಾರೆ. ಕಟ್ಟಬಹುದು, ಕೆಲಸವಿಲ್ಲದ ಬೇಸಿಗೆಯಲ್ಲಿ ಸಾವಿರ ರೂಪಾಯಿ ಒಟ್ಟಿಗೆ ಕೈಯಲ್ಲಿದ್ದರೆ. ಮನೆ ದೊಡ್ಡದಾದಷ್ಟೂ ರಿಯಾಯಿತಿ ದೊಡ್ಡದು. ಇದು ಯಾವ ಸೀಮೆಯ ಸಮಾನತೆ?

2024ರಲ್ಲಿ ಬೆಂಗಳೂರಿನಲ್ಲಿ ಹಳೇ ಬಾಕಿಯ ಬಡ್ಡಿ ಬಿಟ್ಟರು, ದಂಡ ಇಳಿಸಿದರು. ಗಡುವನ್ನು ನವೆಂಬರ್ 30ರವರೆಗೂ ಎಳೆದರು. ಬಾಕಿದಾರರಲ್ಲಿ ಬಡವರೂ ಇದ್ದರು, ನಿಜ. ಆದರೆ ಸಾಲ ಮಾಡಿ ಹೊತ್ತಿಗೆ ಸರಿಯಾಗಿ ಕಟ್ಟಿದವರಿಗೆ ಏನು ಸಿಕ್ಕಿತು?

ನಮ್ಮ ಜನ ಕಂದಾಯ ತಪ್ಪಿಸೋರಲ್ಲ. ರಸೀದಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಟ್ರಂಕಿನ ತಳದಲ್ಲಿಡುತ್ತಾರೆ. ಊರಾಚೆ ಇಟ್ಟವರಿಗೆ 'ನೀನೂ ಈ ಊರಿನವನು' ಅಂತ ಊರು ಬರೆದುಕೊಟ್ಟ ಕಾಗದ ಅದು. ಅನಧಿಕೃತ ಮನೆಯಿಂದಲೂ ತೆರಿಗೆ ತಗೋಬಹುದು, ಆದರೆ ತೆರಿಗೆ ಕಟ್ಟಿದ ಮಾತ್ರಕ್ಕೆ ಅದು ಅಧಿಕೃತವಾಗದು ಅನ್ನೋದು ಕಾನೂನು. ದುಡ್ಡು ಬೇಕು, ಮನುಷ್ಯ ಬೇಡ.

ಇನ್ನು ಅರ್ಜಿಯ ಮಾತು. ಆಶ್ರಯ ಮನೆಗೆ ಇವರು ಬಡವರು ಅಂತ ಆರಿಸಿದ್ದು ಸರ್ಕಾರ. ಹಕ್ಕುಪತ್ರ ಕೊಟ್ಟದ್ದೂ ಅದೇ. ಪಟ್ಟಿ ಅವರ ಬೀರುವಿನಲ್ಲೇ ಇದೆ. ಆದರೂ ಯಾವ ಸವಲತ್ತು ಕೇಳಿದರೂ ಬಡತನವನ್ನು ಮತ್ತೆ ನಾವೇ ಸಾಬೀತು ಮಾಡಬೇಕು: ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಜೆರಾಕ್ಸು ಮೂರು ಸೆಟ್ಟು. ಗೊತ್ತಿರುವುದನ್ನೇ ಗೊತ್ತಿಲ್ಲದಂತೆ ಕೇಳುವುದು ಸೋಮಾರಿತನವಲ್ಲ, ಯಜಮಾನಿಕೆ. ಹಕ್ಕನ್ನು ಅರ್ಜಿಯಾಗಿ ಮಾಡಿದ ಗಳಿಗೆಯಲ್ಲೇ ಅದು ದಾನವಾಗುತ್ತದೆ, ಕೊಡೋನ ಕೈ ಮೇಲಾಗುತ್ತದೆ.

ಸಾರ್ವಜನಿಕ ಹಣದಿಂದ ನಡೆಯುವ ಕೆರೆಬಾವಿ ಎಲ್ಲರಿಗೂ ಸೇರಿದ್ದು ಅಂತ ಮುಂಬೈ ಶಾಸನಸಭೆ 1923ರಲ್ಲೇ ಠರಾವು ಮಾಡಿತ್ತು. ಮಹಾಡ್ ಪುರಸಭೆ 1924ರಲ್ಲಿ ಒಪ್ಪಿಯೂ ಇತ್ತು. ನೀರು ಮಾತ್ರ ಕೆರೆಯಲ್ಲೇ ಉಳಿಯಿತು. 1927ರಲ್ಲಿ ಬಾಬಾಸಾಹೇಬರು ಜನರೊಂದಿಗೆ ನಡೆದುಹೋಗಿ ಬೊಗಸೆಯಲ್ಲಿ ಎತ್ತಬೇಕಾಯಿತು. ರಿಯಾಯಿತಿಯೂ ಈಗ ಹಾಗೇ ಕಾಗದದಲ್ಲಿದೆ.

ಎಲ್ಲರ ಕಂದಾಯವನ್ನೂ ಮನ್ನಾ ಮಾಡಿ ಅಂತ ನಾವು ಕೂಗುವುದಿಲ್ಲ. ಚರಂಡಿ ತೆಗೆಸೋದು, ಬೀದಿ ಗುಡಿಸೋದು ಈ ದುಡ್ಡಿನಿಂದಲೂ ನಡೆಯಬೇಕು. ಗುಡಿಸುವವರು ಯಾರ ಮಕ್ಕಳು ಅಂತ ಬೇರೆ ಹೇಳಬೇಕೆ? ಬಂಗಲೆಗೆ ಬಿಟ್ಟ 2,500 ಆ ಬೊಕ್ಕಸದಿಂದಲೇ ಹೋಗೋದು. ಚಿಕ್ಕ ಮನೆಗೆ ಮಾತ್ರ ರಿಯಾಯಿತಿ ಇರಲಿ. ಅರ್ಜಿ ಕೇಳದೆ ನೋಟೀಸಿನಲ್ಲೇ ಕಳೆದು ಬರೆಯಲಿ. ಉಳಿದದ್ದನ್ನು ಕಂತಿನಲ್ಲಿ, ಕೇರಿಗೇ ಬಂದು ಕಟ್ಟಿಸಿಕೊಳ್ಳಲಿ. ಪೂರ್ತಿ ಮನ್ನಾ ಆದ ಮನೆಗೂ ಸೊನ್ನೆ ಬರೆದ ರಸೀದಿ ಕೊಡಲಿ, ಟ್ರಂಕಿನಲ್ಲಿಡೋಕೆ. ಕೇರಿಗೊಬ್ಬರಂತೆ ಡಿಗ್ರಿ ಓದಿದ ನಾವು ಅರ್ಜಿ ಬರೆದುಕೊಟ್ಟೇ ಸವೆಯುತ್ತಿದ್ದೇವೆ. ಈ ಕೈಗಳಿಗೆ ಬೇರೆ ಕೆಲಸ ಬೇಕಾದಷ್ಟಿದೆ.