ಮೀಸಲು ಸೈನಿಕನ ನೋಂಪಿ

1965ನೆಯ ಇಸವಿಯ ಭಾದ್ರಪದ ಮಾಸವನ್ನು ನೆನಪಿಟ್ಟ ಹಿರಿಯರು ಶ್ರಾವಕರ ಮನೆಗಳಲ್ಲಿ ಇನ್ನೂ ಕೆಲವರಿದ್ದಾರೆ. ಆ ವರ್ಷ ದಶಲಕ್ಷಣ ಪರ್ವವು ಆಗಸ್ಟ್ ತಿಂಗಳ ಕೊನೆಯಲ್ಲಿ ಆರಂಭವಾಗಿ ಸೆಪ್ಟೆಂಬರ್ ಎರಡನೆಯ ವಾರದವರೆಗೆ ನಡೆಯಿತು. ಸೆಪ್ಟೆಂಬರ್ 1ರಂದು ಛಂಬ್ ವಿಭಾಗದಲ್ಲಿ ಪಾಕಿಸ್ತಾನದ ಟ್ಯಾಂಕುಗಳು ನುಗ್ಗಿದವು. 6ರಂದು ಭಾರತದ ಸೇನೆಯು ಲಾಹೋರಿನ ದಿಕ್ಕಿನಲ್ಲಿ ಗಡಿಯನ್ನು ದಾಟಿತು. ಬಸದಿಯಲ್ಲಿ ಉತ್ತಮ ಕ್ಷಮೆ, ಮಾರ್ದವ, ಆರ್ಜವಗಳ ವ್ಯಾಖ್ಯಾನವನ್ನು ಕೇಳಿ ಮನೆಗೆ ಬಂದವರು ರೇಡಿಯೋದಲ್ಲಿ ಯುದ್ಧದ ವಾರ್ತೆಯನ್ನು ಕೇಳಬೇಕಾಯಿತು.

ನಿಪ್ಪಾಣಿಯ ಬಳಿಯ ಅಕ್ಕೋಳದಂತಹ ಊರಿನಲ್ಲಿ, ಆ ಪರ್ವದ ನಡುವೆಯೇ, ಒಬ್ಬ ಒಕ್ಕಲಿಗ ಶ್ರಾವಕನಿಗೆ ಸೇವೆಗೆ ಹಾಜರಾಗಬೇಕೆಂಬ ತಂತಿ ಬಂದಿತೆಂದು ಇಟ್ಟುಕೊಳ್ಳಬಹುದು. ಕಲ್ಪನೆಯಾದರೂ ಇದು ಅಸಂಭವವಾದುದಲ್ಲ. 1949ರಲ್ಲಿ ಉದ್ಘಾಟನೆಗೊಂಡ ಪ್ರಾದೇಶಿಕ ಸೇನೆಯಲ್ಲಿ ತಮ್ಮ ತಮ್ಮ ಉದ್ಯೋಗಗಳನ್ನು ನಡೆಸಿಕೊಂಡೇ ಸೈನಿಕ ಶಿಕ್ಷಣ ಪಡೆದವರಿದ್ದರು. ಅದರ ಘಟಕಗಳನ್ನು 1962, 1965 ಮತ್ತು 1971ರ ಯುದ್ಧಗಳಲ್ಲಿ ಸೇವೆಗೆ ಕರೆಯಲಾಯಿತು. ನಿನ್ನೆಯವರೆಗೆ ತಂಬಾಕಿನ ಹೊಲದಲ್ಲಿದ್ದವನು ಇಂದು ಬಂದೂಕು ಹಿಡಿಯಬೇಕು. ಅವನು ಅನಂತನ ನೋಂಪಿಯನ್ನು ಹಿಡಿದಿದ್ದಾನೆ, ರಾತ್ರಿಭೋಜನವನ್ನು ತ್ಯಜಿಸಿದ್ದಾನೆ, ಸೋಸದ ನೀರನ್ನು ಕುಡಿಯುವುದಿಲ್ಲ. ‘ನೋಂಪಿ ಅರ್ಧಕ್ಕೆ ನಿಂತೀತೇನೋ ಯಪ್ಪಾ?’ ಎಂದು ತಾಯಿ ಕೇಳಿದರೆ ಅವನೇನು ಹೇಳಬೇಕು?

ಇಂತಹ ಪ್ರಶ್ನೆ ಎದ್ದಾಗಲೆಲ್ಲ ಉಪದೇಶಕರು ಚಾವುಂಡರಾಯನ ಹೆಸರನ್ನು ಹೇಳುವುದು ವಾಡಿಕೆ. ಗಂಗರ ಸೇನಾಪತಿಯಾಗಿ ಸಮರಧುರಂಧರನೆನಿಸಿದವನು 978ರಲ್ಲಿ ಪುರಾಣವನ್ನು ಬರೆದನು, ಶ್ರವಣಬೆಳಗೊಳದಲ್ಲಿ ಗೊಮ್ಮಟೇಶ್ವರನನ್ನು ನಿಲ್ಲಿಸಿದನು ಎಂಬುದು ನಿಜ, ಸ್ತುತ್ಯವೂ ಹೌದು. ಆದರೆ ಸೇನೆಯನ್ನು ನಡೆಸಿದವನ ಕೀರ್ತಿಯು ಸೇನೆಯ ಕೊನೆಯ ಸಾಲಿನಲ್ಲಿ ನಿಂತವನ ಸಂದೇಹವನ್ನು ಪರಿಹರಿಸಲಾರದು. ಜೈನರೂ ಶೂರರೇ ಎಂಬುದು ಬೇರೆಯವರಿಗೆ ಕೊಡುವ ಉತ್ತರ. ಸೈನಿಕನು ಕೇಳುತ್ತಿರುವುದು ತನ್ನ ಆತ್ಮದ ಲೆಕ್ಕವನ್ನು.

ಶ್ರಾವಕಾಚಾರದಲ್ಲಿ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿ ತಿಳಿಸುವುದುಂಟು. ಅಣುವ್ರತಿಯಾದ ಗೃಹಸ್ಥನು ಪೂರ್ಣವಾಗಿ ಬಿಡಬೇಕಾದುದು ಮೊದಲನೆಯದನ್ನು. ಒಲೆ ಉರಿಸುವುದರಲ್ಲಿ, ನೇಗಿಲು ಹೂಡುವುದರಲ್ಲಿ, ಮೇಲೆ ಬಿದ್ದವನನ್ನು ತಡೆಯುವುದರಲ್ಲಿ ಆಗುವ ಹಿಂಸೆಯನ್ನು ಆದಷ್ಟು ಕಡಿಮೆಮಾಡಬೇಕು. ಇಷ್ಟನ್ನೇ ಹಿಡಿದುಕೊಂಡು ‘ಸೈನಿಕನ ಹಿಂಸೆಯು ಹಿಂಸೆಯೇ ಅಲ್ಲ’ ಎಂದು ಸಮಾಧಾನ ಹೇಳುವವರಿದ್ದಾರೆ. ಅದು ಅಗ್ಗದ ಸಮಾಧಾನ. ವಿರೋಧೀ ಹಿಂಸೆಯೂ ಹಿಂಸೆಯೇ. ಗೃಹಸ್ಥನು ಅದನ್ನು ಬಿಡಲಾರನೆಂದು ಶಾಸ್ತ್ರವು ಬಲ್ಲದು, ಅಷ್ಟೆ. ನೇಗಿಲಿನ ಮೊನೆಗೆ ಸಿಕ್ಕ ಹುಳುವಿಗಾಗಿ ಪ್ರತಿಕ್ರಮಣ ಮಾಡುವವನು ಬಂದೂಕಿನ ಮೊನೆಗೆ ಸಿಕ್ಕ ಮನುಷ್ಯನಿಗಾಗಿ ಮಾಡದೆ ಇರಲಾದೀತೆ?

ಇದಕ್ಕೆ ಸಮೀಪವಾದ ಒಂದು ವೃತ್ತಾಂತವು ಭಗವತೀ ಸೂತ್ರದಲ್ಲಿದೆ. ಅದು ಶ್ವೇತಾಂಬರರ ಆಗಮ. ದಿಗಂಬರ ಸಂಪ್ರದಾಯವು ಅದನ್ನು ಪ್ರಮಾಣವೆಂದು ಸ್ವೀಕರಿಸುವುದಿಲ್ಲ. ಆದರೂ ಕಥೆಯು ವಿಚಾರಾರ್ಹವಾಗಿದೆ. ವೈಶಾಲಿಯ ವರುಣನೆಂಬ ಶ್ರಾವಕನು ಬಿಡದೆ ಉಪವಾಸಗಳನ್ನು ಆಚರಿಸುತ್ತಿದ್ದನು. ರಾಜಾಜ್ಞೆಯಿಂದ ಯುದ್ಧಕ್ಕೆ ಹೋಗಬೇಕಾದಾಗ ಎರಡು ದಿನದ ಉಪವಾಸವನ್ನು ಅವನು ಮೂರು ದಿನಕ್ಕೆ ಬೆಳೆಸಿದನು. ತನ್ನನ್ನು ಮೊದಲು ಹೊಡೆದವನನ್ನಲ್ಲದೆ ತಾನು ಯಾರನ್ನೂ ಹೊಡೆಯೆನೆಂಬ ನಿಯಮವನ್ನು ತೊಟ್ಟನು. ಎದುರಾಳಿಯು ‘ಮೊದಲು ನೀನು ಹೊಡೆ’ ಎಂದರೂ ಒಪ್ಪಲಿಲ್ಲ. ಬಾಣ ನೆಟ್ಟ ಮೇಲೆಯೇ ಪ್ರತಿಬಾಣವನ್ನು ಬಿಟ್ಟು, ಅನಂತರ ರಣದಿಂದ ಹಿಂದೆ ಸರಿದು, ದರ್ಭೆಯ ಮೇಲೆ ಕುಳಿತು ವ್ರತಪೂರ್ವಕವಾಗಿ ದೇಹವನ್ನು ತೊರೆದನು. ಯುದ್ಧದಲ್ಲಿ ಸತ್ತವರೆಲ್ಲ ಸ್ವರ್ಗಕ್ಕೆ ಹೋಗುತ್ತಾರೆಂಬ ಲೋಕದ ಮಾತನ್ನು ಸುಳ್ಳೆಂದು ತಿಳಿಸುವುದಕ್ಕಾಗಿಯೇ ಅಲ್ಲಿ ಈ ಕಥೆ ಬಂದಿದೆ. ಅವನಿಗೆ ಸದ್ಗತಿಯನ್ನು ಕೊಟ್ಟದ್ದು ರಣಮರಣವಲ್ಲ, ವ್ರತ.

ಇಂದಿನ ಸೈನಿಕನಿಗೆ ವರುಣನ ನಿಯಮವನ್ನು ತೊಡುವ ಸ್ವಾತಂತ್ರ್ಯವಿಲ್ಲ. ಮೊದಲು ಯಾರು ಹೊಡೆಯಬೇಕೆಂಬುದನ್ನು ನಿರ್ಧರಿಸುವವನು ಅಧಿಕಾರಿ. ಕಂದಕದಲ್ಲಿ ಊಟ ಸಿಗುವುದು ಕತ್ತಲಾದ ಮೇಲೆಯೇ ಆಗಬಹುದು. ನೀರನ್ನು ಸೋಸಲು ಬಟ್ಟೆಯಿದ್ದರೂ ಹೊತ್ತು ಇರಲಾರದು. ಷೋಡಶಕಾರಣ ಭಾವನೆಗಳಲ್ಲಿ ತ್ಯಾಗಕ್ಕೂ ತಪಸ್ಸಿಗೂ ‘ಶಕ್ತಿತಃ’ ಎಂಬ ವಿಶೇಷಣವನ್ನು ಸೇರಿಸಿರುವುದನ್ನು ಇಲ್ಲಿ ನೆನೆಯಬೇಕು. ಶಕ್ತಿಯನ್ನು ಮೀರಿ ಮಾಡಬಾರದು, ಇದ್ದ ಶಕ್ತಿಯನ್ನು ಬಚ್ಚಿಡಲೂ ಬಾರದು. ಎರಡನೆಯ ಅರ್ಥವನ್ನು ಮರೆಯುವವರೇ ಹೆಚ್ಚು. ರಾತ್ರಿ ಉಣ್ಣಲೇಬೇಕಾದವನು ನಾಲಗೆಯ ರುಚಿಗಾಗಿ ಒಂದು ತುತ್ತನ್ನೂ ಹೆಚ್ಚು ಉಣ್ಣದಿರಬಹುದು. ಬಿಡುವು ಸಿಕ್ಕ ಹಗಲಿನಲ್ಲಿ ಏಕಾಶನವನ್ನು ಮಾಡಬಹುದು. ಉಪವಾಸದ ಅಭ್ಯಾಸವಿದ್ದವನಿಗೆ ಹಸಿವು ಶತ್ರುವಲ್ಲ, ಹಳೆಯ ಪರಿಚಯ. ಅದೇ 1965ರಲ್ಲಿ ಆಹಾರಧಾನ್ಯದ ಕೊರತೆಯನ್ನು ಎದುರಿಸಲು ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ವಾರಕ್ಕೊಂದು ಹೊತ್ತಿನ ಊಟವನ್ನು ಬಿಡುವಂತೆ ದೇಶಕ್ಕೆ ಕರೆ ಕೊಟ್ಟರು. ಸೋಮವಾರದ ರಾತ್ರಿ ಅನೇಕರು ಉಣ್ಣಲಿಲ್ಲ. ಪ್ರತಿ ರಾತ್ರಿಯೂ ಉಣ್ಣದ ಮನೆಗಳಿಗೆ ಈ ಕರೆಯು ಹೊಸದನ್ನೇನೂ ಕಲಿಸಬೇಕಾಗಿರಲಿಲ್ಲ.

ದೇಹದ ಮಾತು ಇಷ್ಟಾಯಿತು. ಶ್ರದ್ಧೆಯ ಮಾತು ಇದಕ್ಕಿಂತ ಕಠಿಣವಾದುದು. ಫಿರಂಗಿಯ ಗುಂಡುಗಳು ಬೀಳುತ್ತಿರುವಾಗ ಪಕ್ಕದ ಸೈನಿಕನು ತನ್ನ ಕುಲದೇವತೆಯನ್ನು ಕೂಗಿ ‘ಕಾಪಾಡು’ ಎನ್ನುತ್ತಾನೆ. ಜಿನಭಕ್ತನು ಏನೆಂದು ಕೂಗಬೇಕು? ಅರಿಹಂತರು ವೀತರಾಗರು, ಒಬ್ಬನನ್ನು ಉಳಿಸಿ ಇನ್ನೊಬ್ಬನನ್ನು ಅಳಿಸುವವರಲ್ಲ. ಣಮೋಕಾರ ಮಂತ್ರದಲ್ಲಿ ನಮಸ್ಕಾರವಿದೆ, ಬೇಡಿಕೆಯಿಲ್ಲ. ಹನ್ನೆರಡು ಅನುಪ್ರೇಕ್ಷೆಗಳಲ್ಲಿ ಎರಡನೆಯದು ಅಶರಣ: ಮರಣಕಾಲದಲ್ಲಿ ಜೀವಕ್ಕೆ ಹೊರಗಿನ ಶರಣಿಲ್ಲ. ಮನೆಯ ಪಡಸಾಲೆಯಲ್ಲಿ ಕುಳಿತು ಇದನ್ನು ಓದುವುದು ಸುಲಭ. ಭೂಮಿ ನಡುಗುವಾಗ ಓದಿದರೆ ಇಂತಹ ಧರ್ಮವು ಯಾತಕ್ಕೆ ಬಂತೆಂದು ತೋರಬಹುದು. ಹಾಗೆ ತೋರುವುದು ಅಶ್ರದ್ಧೆಯೇನೂ ಅಲ್ಲ. ಆದರೆ ರಕ್ಷಣೆಯನ್ನು ಬೇಡಿದವನ ಶ್ರದ್ಧೆಯು ಪಕ್ಕದ ಗೆಳೆಯನು ಸತ್ತ ದಿನ ಅಲುಗಾಡುತ್ತದೆ: ಅವನು ಬೇಡಲಿಲ್ಲವೆ? ಏನನ್ನೂ ಬೇಡದೆ ನಮಸ್ಕರಿಸಿದವನಿಗೆ ಆ ದಿನ ದುಃಖವಿದೆ, ವಂಚನೆಗೊಳಗಾದೆನೆಂಬ ಕಹಿಯಿಲ್ಲ. ಅಕ್ಕೋಳದ ಸೀಮೆಯವರಿಗೆ ಇದು ತಿಳಿಯದ ಮಾತಲ್ಲ. ಭೋಜ ಗ್ರಾಮದ ಆಚಾರ್ಯ ಶಾಂತಿಸಾಗರ ಮಹಾರಾಜರು 1955ರಲ್ಲಿ ಕುಂಥಲಗಿರಿಯಲ್ಲಿ 36 ದಿನಗಳ ಸಲ್ಲೇಖನವನ್ನು ಆಚರಿಸಿದಾಗ ಬದುಕನ್ನೂ ಬೇಡಲಿಲ್ಲ, ಸಾವನ್ನೂ ಬೇಡಲಿಲ್ಲ. ಮುನಿಯ ಸಮತೆಯನ್ನು ಸೈನಿಕನಿಗೆ ಹೋಲಿಸುವುದು ಸಲ್ಲದು. ಅವರು ತಾವಾಗಿ ತೊರೆದರು, ಇವನನ್ನು ಕಳುಹಿಸಲಾಗಿದೆ. ಆದರೂ ದಿಕ್ಕು ಒಂದೇ.

ಹಾಗಾದರೆ ವ್ರತವು ಮುರಿಯುವುದು ಎಲ್ಲಿ? ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ರಾಗಾದಿಗಳ ಹುಟ್ಟನ್ನೇ ಹಿಂಸೆಯೆಂದು ನಿರೂಪಿಸಿದ್ದಾರೆ. ಆ ಅಳತೆಯಿಂದ ನೋಡಿದರೆ ಸೈನಿಕನಿಗಿರುವ ದೊಡ್ಡ ಅಪಾಯವು ಗುಂಡು ಹಾರಿಸುವ ಗಳಿಗೆಯಲ್ಲಿಲ್ಲ, ಅದರ ನಂತರದ ಗಳಿಗೆಯಲ್ಲಿದೆ; ಮತ್ತು ಆ ಅಪಾಯವು ರೇಡಿಯೋದ ಮುಂದೆ ಕುಳಿತು ಸತ್ತವರ ಸಂಖ್ಯೆಯನ್ನು ಕೇಳಿ ಹಿಗ್ಗುವವರಿಗೂ ಅಷ್ಟೇ ಇದೆ.

ಆ ಕಲ್ಪಿತ ಶ್ರಾವಕನು ಯುದ್ಧ ಮುಗಿದು ಊರಿಗೆ ಬಂದನೆನ್ನೋಣ. ವಿಹಾರದಲ್ಲಿದ್ದ ಮುನಿಗಳ ಬಳಿಗೆ ತಾಯಿಯೇ ಅವನನ್ನು ಕರೆದುಕೊಂಡು ಹೋಗುತ್ತಾಳೆ. ರಾತ್ರಿ ಉಂಡದ್ದಕ್ಕೆ, ಸೋಸದ ನೀರು ಕುಡಿದದ್ದಕ್ಕೆ, ನಿಂತ ನೋಂಪಿಗೆ ಪ್ರಾಯಶ್ಚಿತ್ತವನ್ನು ಕೇಳುತ್ತಾನೆಂದು ಅವಳ ಎಣಿಕೆ. ಅವನು ಅವನ್ನೂ ಹೇಳುತ್ತಾನೆ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಒಂದು ರಾತ್ರಿ ಎದುರಿನ ಕಂದಕದಿಂದ ಗಾಯಗೊಂಡವನೊಬ್ಬನ ನರಳಾಟ ಕೇಳಿಬರುತ್ತಿದ್ದಾಗ ತನ್ನ ಮನಸ್ಸಿಗೆ ಹಿತವೆನಿಸಿತ್ತೆಂದು ಹೇಳಿ, ಅದಕ್ಕೇನು ಮಾಡಬೇಕೆಂದು ಕೇಳುತ್ತಾನೆ.