ಬೆಳಕಿನಲ್ಲೂ ಮಿತಿಯುಂಟೇ?

ತಮ್ಮ ಮನೆಯಲ್ಲೂ ಹಳೆಯ ಟಾರ್ಚೊಂದು ಮೂಲೆ ಸೇರಿರಬಹುದು. ನಮ್ಮ ಬೆಳಗಾವಿ ಕಡೆ ಅದಕ್ಕೆ ಬ್ಯಾಟರಿ ಎನ್ನುತ್ತಾರೆ. ಖಾನಾಪುರದ ನಮ್ಮ ಮನೆಯಲ್ಲಿ, ಎರಡು ದಪ್ಪ ಸೆಲ್ಲು ಹಿಡಿಯುವ ಹಿತ್ತಾಳೆಯ ಬ್ಯಾಟರಿಯೊಂದಿದೆ. ಮರ್ಹೂಮ್ ಅಬ್ಬಾ ಫಜ್ರ್ ನಮಾಝಿಗೆ ಅದನ್ನು ಹಿಡಿದೇ ಹೋಗುತ್ತಿದ್ದರು. ಅದರ ಮಂದವಾದ ಹಳದಿ ಬೆಳಕಿನಲ್ಲಿ ಕಾಲ ಮುಂದಿನ ಹತ್ತು ಹೆಜ್ಜೆಯಷ್ಟೇ ಕಾಣುತ್ತಿತ್ತು. ಕಳೆದ ಮಳೆಗಾಲದಲ್ಲಿ ಅದನ್ನು ಗುಜರಿಗೆ ಹಾಕುವ ಮಾತು ಬಂದಾಗ ಅಮ್ಮಿ ಒಪ್ಪಲಿಲ್ಲ. ಬೆಳಗಾವಿಯ ಖಡೇ ಬಝಾರಿನಿಂದ ನಾನೊಂದು ಎಲ್‌ಇಡಿ ಬಲ್ಬು ತಂದು ಹಾಕಿದೆ.

ಮೊದಲು ಅದು ಉರಿಯಲೇ ಇಲ್ಲ. ತಪ್ಪು ನನ್ನದೇ. ತಂತಿಯ ಬಲ್ಬಿಗೆ ಸೆಲ್ಲುಗಳನ್ನು ಯಾವ ಕಡೆ ತಿರುಗಿಸಿ ಹಾಕಿದರೂ ನಡೆಯುತ್ತದೆ. ಎಲ್‌ಇಡಿಯಲ್ಲಿ ವಿದ್ಯುತ್ತು ಒಂದೇ ದಿಕ್ಕಿನಲ್ಲಿ ಹರಿಯಬೇಕು. ಎರಡು ಸೆಲ್ಲು ಸೇರಿ ಕೊಡುವುದು 3 ವೋಲ್ಟ್. ಬಿಳಿ ಎಲ್‌ಇಡಿಗೆ ಹೆಚ್ಚುಕಡಿಮೆ ಅಷ್ಟೇ ಬೇಕಾದ್ದರಿಂದ, ಸೆಲ್ಲು ಸ್ವಲ್ಪ ಸೊರಗಿದರೂ ಬೆಳಕು ಕುಂದುತ್ತದೆ. ಆದ್ದರಿಂದ ವೋಲ್ಟೇಜ್ ಏರಿಸುವ ಪುಟ್ಟ ಸರ್ಕ್ಯೂಟ್ ಬುಡದಲ್ಲೇ ಇರುವ ಬಲ್ಬನ್ನು ಕೇಳಿ ಕೊಳ್ಳುವುದು ಲೇಸು. ಹಳೆಯ ಬಲ್ಬು ತಾನು ಪಡೆದ ವಿದ್ಯುತ್ತಿನಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲನ್ನು ಶಾಖವಾಗಿ ಕಳೆಯುತ್ತಿತ್ತು. ಬಿಳಿ ಎಲ್‌ಇಡಿಗೆ ದಾರಿ ಮಾಡಿದ ನೀಲಿ ಎಲ್‌ಇಡಿಗಾಗಿ ಮೂವರು ವಿಜ್ಞಾನಿಗಳಿಗೆ 2014ರಲ್ಲಿ ನೊಬೆಲ್ ಪ್ರಶಸ್ತಿ ಬಂದದ್ದು ಸುಮ್ಮನೆ ಅಲ್ಲ.

ಕೆಲಸಕ್ಕೆ ಬರುವ ವಸ್ತುವನ್ನು ಎಸೆಯುವುದು ಇಸ್ರಾಫ್; ರಿಪೇರಿ ಮಾಡಿ ಬಳಸುವುದು ಕೃತಜ್ಞತೆ. ಇದರಲ್ಲಿ ಭಿನ್ನಾಭಿಪ್ರಾಯವಿರಲಾರದು. ನನಗೆ ಪ್ರಶ್ನೆ ಎದುರಾದದ್ದು ರಿಪೇರಿಯ ನಂತರ.

ಅಂದು ಇಶಾ ನಮಾಝ್ ಮುಗಿಸಿ ಓಣಿಯಲ್ಲಿ ಬರುತ್ತಿದ್ದೆ. ಹೊಸ ಬೆಳಕಿನ ಹುರುಪಿನಲ್ಲಿ ಬ್ಯಾಟರಿಯನ್ನು ನೇರವಾಗಿ ಮುಂದಕ್ಕೆ ಹಿಡಿದಿದ್ದೆ. ಎದುರಿಗೆ ಬರುತ್ತಿದ್ದ ನೆರೆಮನೆಯ ಅಜ್ಜಿ ಗಟಾರದ ಅಂಚಿನಲ್ಲಿ ತಟ್ಟನೆ ನಿಂತು ಗೋಡೆ ಹಿಡಿದುಕೊಂಡರು. "ಮಾಸ್ತರ, ಬ್ಯಾಟ್ರಿ ಕೆಳಗ ಹಿಡೀರಿ. ನನಗ ದಾರಿನ ಕಾಣವಲ್ದು" ಎಂದರು. ಬ್ಯಾಟರಿ ಆರಿಸಿದರೂ ಪ್ರಯೋಜನವಾಗಲಿಲ್ಲ. ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತು-ಮೂವತ್ತು ನಿಮಿಷ ಬೇಕು. ಪ್ರಖರ ಬೆಳಕು ಅದನ್ನು ಒಂದು ಕ್ಷಣದಲ್ಲಿ ಕೆಡಿಸುತ್ತದೆ. ವಯಸ್ಸಾದವರ ಕಣ್ಣಿಗೆ ಚೇತರಿಕೆ ಇನ್ನೂ ನಿಧಾನ. ಕೈಹಿಡಿದು ಅವರನ್ನು ಮನೆ ಮುಟ್ಟಿಸಿದೆ.

ದಾರಿಯಲ್ಲಿನ ತೊಂದರೆಯನ್ನು ಸರಿಸುವುದು ಈಮಾನಿನ ಒಂದು ಶಾಖೆಯೆಂದು ಪ್ರವಾದಿವರ್ಯರು(ಸ) ಕಲಿಸಿದ್ದನ್ನು ನಾನು ಮಕ್ಕಳಿಗೆ ಹೇಳಿಕೊಡುತ್ತೇನೆ. ಕಲ್ಲು, ಮುಳ್ಳು ಎಂದೇ ಅದರ ಅರ್ಥ ಹೇಳುತ್ತಾ ಬಂದವನು ನಾನು. ಬೆಳಕೂ ಮುಳ್ಳಾಗಬಲ್ಲುದೆಂದು ಹೊಳೆದಿರಲಿಲ್ಲ.

ಅಬ್ಬಾ ಯಾರ ಕಣ್ಣಿಗೂ ಬೆಳಕು ಚುಚ್ಚದೆ ನಡೆದರು. ಅದು ಅವರ ಸೌಜನ್ಯವೋ, ಬಲ್ಬಿನ ಬಡತನವೋ? ಶಕ್ತಿಯಿಲ್ಲದಾಗ ಸಂಯಮ ಸುಲಭ. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಜೆವನ್ಸ್ 1865ರಲ್ಲಿಯೇ ಒಂದು ವಿಚಿತ್ರವನ್ನು ಗುರುತಿಸಿದ್ದ. ಯಂತ್ರಗಳು ಕಡಿಮೆ ಕಲ್ಲಿದ್ದಲಿನಲ್ಲಿ ಕೆಲಸ ಮಾಡತೊಡಗಿದಾಗ ಜನರು ಉಳಿಸಲಿಲ್ಲ, ಇನ್ನೂ ಹೆಚ್ಚು ಸುಟ್ಟರು. ಬೆಳಕಿನಲ್ಲಿ ನಾವು ಮಾಡುತ್ತಿರುವುದೂ ಅದೇ ಅಲ್ಲವೇ? ಒಂದು ಬಲ್ಬಿದ್ದ ಅಂಗಳದಲ್ಲಿ ಈಗ ನಾಲ್ಕು. ಶಾದಿಮನೆಯ ಓಣಿಯಲ್ಲಿ ಬೆಳತನಕ ಹಗಲು. "ಕರೆಂಟು ಏನೂ ಖರ್ಚಾಗುವುದಿಲ್ಲ" ಎಂಬ ಸಮಾಧಾನ ಬೇರೆ. ಬಿಲ್ಲು ಕಡಿಮೆ ಬಂತೆಂದ ಮಾತ್ರಕ್ಕೆ ಲೆಕ್ಕ ಮುಗಿಯಿತೇ?

ರಾತ್ರಿಯನ್ನು ಅಲ್ಲಾಹನು ಹೊದಿಕೆಯಾಗಿ ಮಾಡಿರುವನೆಂದು ಪವಿತ್ರ ಕುರ್‌ಆನ್ ತಿಳಿಸುತ್ತದೆ. ಆ ಹೊದಿಕೆ ನಮಗೊಬ್ಬರಿಗೇ ಸೇರಿದ್ದಲ್ಲ. ನಮ್ಮ ಖಾನಾಪುರ ತಾಲೂಕಿನ ಕಾಡಿನಲ್ಲಿ ಬಾರಾಪೇಡೆ ಗುಹೆಗಳಿವೆ. 2011ರಲ್ಲಿ ಘೋಷಿತವಾದ ಭೀಮಗಡ ವನ್ಯಜೀವಿಧಾಮದ ಸೀಮೆಯದು. ರಾಟನ್ ಎಂಬವರ ಹೆಸರು ಹೊತ್ತ ಬಾವಲಿಯೊಂದು ಜಗತ್ತಿನಲ್ಲಿ ಆ ಗುಹೆಗಳಲ್ಲಿ ಮಾತ್ರ ಇದೆಯೆಂದು ಬಹುಕಾಲ ತಿಳಿಯಲಾಗಿತ್ತು. ಆಮೇಲೆ ಮೇಘಾಲಯದಲ್ಲೂ ಕಾಂಬೋಡಿಯಾದಲ್ಲೂ ಕಂಡಿತು. ಅಂತಹ ಗುಹೆಯಲ್ಲಿ ಕುತೂಹಲಕ್ಕಾಗಿ ಪ್ರಖರ ಟಾರ್ಚು ಬೀಸಿದರೆ ಮಲಗಿದ ಜೀವಗಳು ಬೆಚ್ಚಿ ಚದುರುತ್ತವೆ. ದೂರು ಹೇಳಲು ಅವುಗಳಿಗೆ ಅಜ್ಜಿಯ ಬಾಯಿಯಿಲ್ಲ.

ಆದರೆ ಹಳೆಯ ಮಂದ ಬೆಳಕೇ ಪುಣ್ಯವೆಂದು ನಾನು ಹೇಳಿದರೆ ಅಮ್ಮಿಯೇ ನಗುತ್ತಾರೆ. ಮಲೆನಾಡಿನ ಅಂಚಿನ ಮಳೆಗಾಲದಲ್ಲಿ, ಹಾವು ಹರಿದಾಡುವ ಹಿತ್ತಿಲಿಗೆ ರಾತ್ರಿ ಹೋಗಬೇಕಾದವರು ಅವರು. ಅವರಿಗೆ ಒಳ್ಳೆಯ ಬೆಳಕು ಆಡಂಬರವಲ್ಲ, ಹಕ್ಕು. ಹಿತ್ತಿಲಿಗೆ ಸಾಲದ ಬೆಳಕು ಓಣಿಗೆ ವಿಪರೀತವಾಗುತ್ತದೆ. ಬಲ್ಬು ಮಾತ್ರ ಒಂದೇ.

ಸದ್ಯಕ್ಕೆ ನಾನು ಬ್ಯಾಟರಿಯ ಗಾಜಿನ ಒಳಗೆ ಬಟರ್ ಪೇಪರನ್ನು ದುಂಡಗೆ ಕತ್ತರಿಸಿ ಇಟ್ಟಿದ್ದೇನೆ. ಬೆಳಕು ಮೆದುವಾಗಿ ಹರಡುತ್ತದೆ, ಕಣ್ಣಿಗೆ ಚುಚ್ಚುವುದಿಲ್ಲ. ಜೋರು ಮಳೆಯ ರಾತ್ರಿ ಅಮ್ಮಿ ಅದನ್ನು ತೆಗೆಸುತ್ತಾರೆ. ಮರುದಿನ ನಾನು ಮತ್ತೆ ಹಾಕಬೇಕು. ಕೆಲವು ದಿನ ಮರೆತು ಹಾಗೆಯೇ ಓಣಿಗೆ ಇಳಿದುಬಿಡುತ್ತೇನೆ.