ಹೊಸ ಬೈಕು ಮತ್ತು ಮನೆಯ ನಾಲ್ಕು ಪಾಲು


*ಇಂದಿನ ಧಮ್ಮ ಚಿಂತನೆ: ಗೃಹಸ್ಥ ಧಮ್ಮ*



ಕಳೆದ ವಾರ ಅಧ್ಯಯನ ಮುಗಿದ ಮೇಲೆ ಅಂಕೋಲೆ ಕಡೆಯ ಉಪಾಸಕರೊಬ್ಬರು ಒಂದು ಪ್ರಶ್ನೆ ಕೇಳಿದರು. ಇಂಥ ಪ್ರಶ್ನೆ ಬಹಳ ಮನೆಗಳಲ್ಲಿ ಇರುತ್ತದೆ. ಆದ್ದರಿಂದ ಗಂಡ ಹೆಂಡತಿ ಇಬ್ಬರ ಒಪ್ಪಿಗೆ ಪಡೆದು, ಹೆಸರು ಬಿಟ್ಟು, ಇವತ್ತು ಅದನ್ನೇ ಚಿಂತನೆಗೆ ತೆಗೆದುಕೊಂಡಿದ್ದೇವೆ.

ಅವರು ದಿನಾ ಕೆಲಸಕ್ಕೆ ಅಂಕೋಲೆಯಿಂದ ಕಾರವಾರಕ್ಕೆ ಹೋಗುತ್ತಾರೆ. ಒಂದು ಬದಿಗೆ ಸುಮಾರು 35 ಕಿಲೋಮೀಟರ್. ಪಾಳಿಯ ಕೆಲಸವಾದ್ದರಿಂದ ಬಸ್ಸಿನ ಹೊತ್ತೂ ಹೊಂದುವುದಿಲ್ಲ, ರೈಲಿನ ಹೊತ್ತೂ ಹೊಂದುವುದಿಲ್ಲ. ಈಗಿನ ಬೈಕಿಗೆ ಹದಿಮೂರು ವರ್ಷ ಆಯಿತು. ಇಂಜಿನ್ ಬಿಚ್ಚಬೇಕು ಎಂದು ಗ್ಯಾರೇಜಿನವರು ಹೇಳಿದ್ದಾರೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿಯಿತಲ್ಲ, ಅಂದಿನಿಂದ ಅವರ ಮನಸ್ಸು ಒಂದು 350 ಸಿಸಿ ಗಾಡಿಯ ಮೇಲೆ ಕೂತಿದೆ.

ಪತ್ನಿ ಮನೆಯಲ್ಲಿ ಹೊಲಿಗೆ ಮಾಡುತ್ತಾರೆ. ಮಗಳು ಈ ವರ್ಷ ದ್ವಿತೀಯ ಪಿಯುಸಿ. ಅವಳ ಮುಂದಿನ ಓದಿಗೆಂದು ಅಂಚೆ ಕಚೇರಿಯಲ್ಲಿ ಸ್ವಲ್ಪ ಹಣ ಕೂಡಿಟ್ಟಿದ್ದಾರೆ. ಅವರು ಹೇಳಿದ್ದು ಇಷ್ಟು: “ಗಾಡಿ ತಗೊಳ್ಳೂದಕ್ಕೆ ಅಡ್ಡಿಲ್ಲ. ಆದ್ರೆ ಮಗಳ ಹಣ ಮುಟ್ಟೂದು ಬೇಡ. ಮತ್ತೆ ಆ ಹೈವೇಲಿ ಅಷ್ಟು ದೊಡ್ಡ ಗಾಡಿ ಅಂದ್ರೆ ನಂಗೆ ಹೆದ್ರಿಕೆ.” ಇವರು ಉತ್ತರ ಕೊಟ್ಟದ್ದು: “ದುಡಿಯೂದು ನಾನು. ನಿಂಗೆ ಹೆಂಗೂ ಬಸ್ ಫ್ರೀ ಆಯ್ತಲ್ಲ.” ಅಲ್ಲಿಗೆ ಮಾತು ನಿಂತಿತು. ಮೂರು ವಾರದಿಂದ ಊಟಕ್ಕೆ ಕರೆಯುವಷ್ಟೇ ಮಾತು.

ಅವರ ಪ್ರಶ್ನೆ: ಬೈಕಿನ ಆಸೆ ತೃಷ್ಣೆಯೇ? ಧಮ್ಮದ ದಾರಿಯಲ್ಲಿ ಇರುವವರು ಅದನ್ನು ಬಿಡಬೇಕೇ?
ಪತ್ನಿಯ ಪ್ರಶ್ನೆ: ಗಂಡ ಹೇಳಿದ್ದಕ್ಕೆಲ್ಲ ಹೂಂ ಅನ್ನಬೇಕು ಎಂದು ಭಗವಾನರು ಹೇಳಿದ್ದಾರೆಯೇ?

*1. ಹಣ ಯಾವ ಪಾಲಿನಿಂದ ಬರುತ್ತದೆ?*

ದೀಘ ನಿಕಾಯದ ಸಿಗಾಲೋವಾದ ಸುತ್ತದಲ್ಲಿ ಭಗವಾನರು ಗೃಹಸ್ಥರ ಸಂಪಾದನೆಯನ್ನು ನಾಲ್ಕು ಪಾಲು ಮಾಡುತ್ತಾರೆ. ಒಂದು ಪಾಲು ಅನುಭವಿಸುವುದಕ್ಕೆ. ಎರಡು ಪಾಲು ಉದ್ಯೋಗಕ್ಕೆ. ನಾಲ್ಕನೆಯ ಪಾಲು ಕಷ್ಟಕಾಲಕ್ಕೆ ಎತ್ತಿಡುವುದಕ್ಕೆ.

ಅನುಭವಿಸಲು ಒಂದು ಪಾಲು ಇದೆ ಎಂಬುದನ್ನು ಗಮನಿಸಿ. ಅನಾಥಪಿಂಡಿಕನಿಗೆ ಗೃಹಸ್ಥರ ನಾಲ್ಕು ಸುಖಗಳನ್ನು ಹೇಳುವಾಗಲೂ ಭಗವಾನರು ನ್ಯಾಯವಾಗಿ ಗಳಿಸಿದ ಸುಖ, ಗಳಿಸಿದ್ದನ್ನು ಅನುಭವಿಸುವ ಸುಖ, ಸಾಲವಿಲ್ಲದ ಸುಖ, ದೋಷವಿಲ್ಲದ ಬದುಕಿನ ಸುಖ ಎಂದು ಎಣಿಸಿದ್ದಾರೆ. ಆದ್ದರಿಂದ ಉಪಾಸಕರು ಬೈಕು ಇಷ್ಟಪಟ್ಟರೆ ಅದು ಪಾಪವೇನಲ್ಲ.

ತೊಂದರೆ ಬರುವುದು ಪಾಲು ಬೆರೆಸಿದಾಗ. ದಿನಾ 70 ಕಿ.ಮೀ. ಓಡಾಡಲು ನಂಬಿಕೆಯ ಗಾಡಿ ಬೇಕು, ಇದು ಉದ್ಯೋಗದ ಪಾಲು. ಆ ಕೆಲಸಕ್ಕೆ ಸಾಕಾಗುವ 100 ಸಿಸಿ ಗಾಡಿ ಆನ್‌ರೋಡ್ ಒಂದು ಲಕ್ಷದ ಆಸುಪಾಸಿಗೆ ಬರುತ್ತದೆ. 350 ಸಿಸಿ ಗಾಡಿಗಳಲ್ಲಿ ಹೆಚ್ಚಿನವು ಎರಡು ಲಕ್ಷ ದಾಟುತ್ತವೆ. ಮೇಲಿನ ಲಕ್ಷ ಅನುಭವದ ಪಾಲಿಗೆ ಸೇರಿದ್ದು. ಗಂಡ ಇಡೀ ಬೈಕನ್ನು ಉದ್ಯೋಗದ ಲೆಕ್ಕಕ್ಕೆ ಬರೆದರು. ಹೆಂಡತಿಗೆ ಕಂಡದ್ದು ಹಣ ನಾಲ್ಕನೆಯ ಪಾಲಿನಿಂದ ಹೋಗುತ್ತಿದೆ ಎಂದು. ಇಬ್ಬರೂ ಒಂದೇ ಗಾಡಿಯ ಬಗ್ಗೆ ಮಾತಾಡಿದರು, ಲೆಕ್ಕದ ಪುಸ್ತಕ ಮಾತ್ರ ಬೇರೆ ಬೇರೆ ಇತ್ತು.

ಲೆಕ್ಕವನ್ನು ಎದುರಿಗೇ ಇಡೋಣ. 1,80,000 ರೂ. ಸಾಲ, ಉಳಿದ ಅಸಲಿನ ಮೇಲೆ ಶೇ. 11 ಬಡ್ಡಿ, 36 ತಿಂಗಳು ಎಂದರೆ ಕಂತು ತಿಂಗಳಿಗೆ ಸುಮಾರು 5,900 ರೂ. ಬಡ್ಡಿಯೇ ಒಟ್ಟು 32,000 ರೂ. ಮೇಲೆ. ಅದೇ ಬಡ್ಡಿಗೆ 60,000 ರೂ. ಸಾಲ ಮಾಡಿ 24 ತಿಂಗಳಲ್ಲಿ ತೀರಿಸಿದರೆ ಕಂತು ಸುಮಾರು 2,800 ರೂ., ಬಡ್ಡಿ ಒಟ್ಟು 7,000 ರೂ. ಹತ್ತಿರ. ತಿಂಗಳಿಗೆ 25 ದಿನ ಓಡಾಡಿದರೆ 1,750 ಕಿ.ಮೀ. ಲೀಟರಿಗೆ 35 ಕಿ.ಮೀ. ಕೊಡುವ ಗಾಡಿಗೆ 50 ಲೀಟರ್ ಬೇಕು, 60 ಕಿ.ಮೀ. ಕೊಡುವ ಗಾಡಿಗೆ 29 ಲೀಟರ್ ಸಾಕು. ಅಲ್ಲಿಯೂ ತಿಂಗಳಿಗೆ ಎರಡು ಸಾವಿರ ರೂಪಾಯಿಗಿಂತ ಹೆಚ್ಚು ವ್ಯತ್ಯಾಸ.

ಈ ಲೆಕ್ಕ ನೋಡಿದ ಮೇಲೂ ದೊಡ್ಡ ಗಾಡಿ ಬೇಕು ಅನಿಸಿದರೆ “ಕೆಲಸಕ್ಕೆ ಬೇಕೇ ಬೇಕು” ಅನ್ನುವುದನ್ನು ಬಿಟ್ಟು “ನನಗೆ ಆಸೆ ಇದೆ” ಎಂದು ಹೇಳಬೇಕು. ಸಮ್ಯಕ್ ವಾಚೆ ಮನೆಯೊಳಗೂ ಬೇಕಲ್ಲ. ಆಸೆಗೆ ಮೈಲೇಜಿನ, ತೆರಿಗೆ ಇಳಿದದ್ದರ ಹೆಸರು ಕೊಟ್ಟರೆ ಹೆಂಡತಿಗೆ ಗೊತ್ತಾಗದೇ ಇರುವುದಿಲ್ಲ. ಆಸೆಯನ್ನು ಆಸೆ ಎಂದೇ ಹೇಳಿದರೆ ಅವರು ಅದಕ್ಕೆ ಉತ್ತರ ಕೊಡಬಲ್ಲರು. ಆಗ ಇನ್ನೊಂದು ಪ್ರಶ್ನೆಯೂ ಬರುತ್ತದೆ: ಆ ಅನುಭವದ ಪಾಲಿನಲ್ಲಿ ಅವರದೆಷ್ಟು? ಇಷ್ಟು ವರ್ಷದಲ್ಲಿ ಅವರು ತಮಗೆಂದು ಏನು ಕೇಳಿದ್ದಾರೆ? 2023ರ ಜೂನ್ 11ರಿಂದ ಹೆಂಗಸರಿಗೆ ಬಸ್ಸು ಉಚಿತವಾಯಿತು. ಅದು ಸರಕಾರ ಕೊಟ್ಟದ್ದು, ಮನೆಯ ಯಜಮಾನರು ಕೊಟ್ಟ ಪಾಲಲ್ಲ.

*2. ನಾಲ್ಕನೆಯ ಪಾಲು ಏಕೆ ಮುಟ್ಟಬಾರದು?*

ಇದನ್ನು ನಮ್ಮ ಕರಾವಳಿಯವರಿಗೆ ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಬೈತಖೋಲ ಬಂದರಿನಲ್ಲಿ ದೋಣಿ ಕಟ್ಟಿ ನಿಂತಾಗ ಮೀನುಗಾರರ ಮನೆಯ ಒಲೆ ಉರಿಯುವುದು ಎತ್ತಿಟ್ಟ ಪಾಲಿನಿಂದ. 2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬದಿಯ ಚಹಾ ಅಂಗಡಿ ಮಣ್ಣುಪಾಲಾಯಿತು, ಲಾರಿ ಗಂಗಾವಳಿಯ ತಳ ಸೇರಿತು, ಎಷ್ಟೋ ದಿನ ಹೆದ್ದಾರಿ ಬಂದ್ ಆಯಿತು. ಮೂರು ವಾರ ಕಳೆದು ಆಗಸ್ಟ್ 7ರ ನಸುಕಿಗೆ ಕಾರವಾರದ ಹಳೆಯ ಕಾಳಿ ಸೇತುವೆ ಮುರಿದು ಬಿತ್ತು. ಹಿಂದಿನ ದಿನ ಓಡಾಡಿದ ದಾರಿ ಬೆಳಗಾಗುವಾಗ ಇರಲಿಲ್ಲ. ಅನಿತ್ಯವನ್ನು ನಾವು ಪುಸ್ತಕದಲ್ಲಿ ಮಾತ್ರ ಓದಿದವರಲ್ಲ.

ಹೀಗಿರುವಾಗ “ಮಗಳ ಹಣ ಮುಟ್ಟೂದು ಬೇಡ” ಎನ್ನುವ ಮಾತು ಹಟದ ಮಾತಲ್ಲ. ಗಳಿಸಿದ್ದನ್ನು ಕಾಪಾಡುವುದು ಪತ್ನಿ ಮಾಡುವ ಐದು ಕೆಲಸಗಳಲ್ಲಿ ಒಂದು ಎಂದು ಸಿಗಾಲೋವಾದ ಸುತ್ತವೇ ಹೇಳುತ್ತದೆ. ಅವರು ಆ ಕೆಲಸವನ್ನೇ ಮಾಡುತ್ತಿದ್ದಾರೆ.

ಸಾಲ ಮಾಡಲೇಬಾರದು ಎಂದೇನೂ ಇಲ್ಲ. ಆದರೆ ಸಾಲವಿಲ್ಲದ ನಿದ್ದೆಯ ಬೆಲೆ ಸಾಲ ತೆಗೆಯುವ ದಿನ ಗೊತ್ತಾಗುವುದಿಲ್ಲ. ಅಂಗುತ್ತರ ನಿಕಾಯದ ಇಣ ಸುತ್ತದಲ್ಲಿ ಒಂದು ಸರಪಳಿ ಬರುತ್ತದೆ: ಬಡತನದಿಂದ ಸಾಲ, ಸಾಲದಿಂದ ಬಡ್ಡಿ, ಬಡ್ಡಿ ಕಟ್ಟದಿದ್ದರೆ ತಗಾದೆ, ಆಮೇಲೆ ಬೆನ್ನಟ್ಟುವುದು, ಕೊನೆಗೆ ಬಂಧನ. ಎರಡು ಕಂತು ತಪ್ಪಿದ ಮನೆಗೆ ಬರುವ ಫೋನುಗಳನ್ನು ಕೇಳಿದವರಿಗೆ ಈ ಸರಪಳಿ ಇಂದಿನದೇ ಅನಿಸುತ್ತದೆ.

*3. ಅಧಿಕಾರ ಯಾರದು?*

ಪತ್ನಿಯ ಪ್ರಶ್ನೆಗೆ ಬರೋಣ. ಅದೇ ಸುತ್ತದಲ್ಲಿ ಪತಿ ಮಾಡಬೇಕಾದ ಐದು ಕೆಲಸಗಳೂ ಇವೆ, ಮತ್ತು ಅವೇ ಮೊದಲು ಬರುತ್ತವೆ: ಗೌರವಿಸುವುದು, ಅವಮಾನ ಮಾಡದಿರುವುದು, ನಿಷ್ಠೆಯಿಂದ ಇರುವುದು, ಅಧಿಕಾರವನ್ನು ಬಿಟ್ಟುಕೊಡುವುದು, ಬೇಕಾದ ಒಡವೆ ವಸ್ತು ಒದಗಿಸುವುದು. ನಾಲ್ಕನೆಯದನ್ನು ಪಾಲಿಯಲ್ಲಿ ‘ಇಸ್ಸರಿಯ ವೊಸ್ಸಗ್ಗ’ ಎನ್ನುತ್ತಾರೆ. ಮನೆಯ ಯಜಮಾನಿಕೆಯನ್ನು ಅವರ ಕೈಗೆ ಒಪ್ಪಿಸುವುದು ಎಂದರ್ಥ. ಎರಡೂವರೆ ಸಾವಿರ ವರ್ಷದ ಹಿಂದೆ ರಾಜಗೃಹದಲ್ಲಿ ಒಬ್ಬ ಯುವಕನಿಗೆ ಹೇಳಿದ ಮಾತು ಇದು.

ಹಾಗಾಗಿ “ದುಡಿಯೂದು ನಾನು” ಎಂಬ ಮಾತಿಗೆ ಧಮ್ಮದಲ್ಲಿ ಆಧಾರವಿಲ್ಲ. ಹೊಲಿಗೆಯ ಹಣ ಸಣ್ಣದಿರಬಹುದು, ಆದರೆ ಇವರ ಸಂಬಳ ಉಳಿದದ್ದೂ ಅವರ ಕೈಯಿಂದಲೇ.

ಆ ಯುವಕ ಸಿಗಾಲ ದಿನಾ ಆರು ದಿಕ್ಕಿಗೆ ಕೈಮುಗಿಯುತ್ತಿದ್ದ. ಭಗವಾನರು ಪ್ರತಿ ದಿಕ್ಕಿಗೂ ಒಂದು ಸಂಬಂಧದ ಅರ್ಥ ಕೊಟ್ಟರು. ಹೆಂಡತಿ ಮಕ್ಕಳಿಗೆ ಬಂದದ್ದು ಪಶ್ಚಿಮ ದಿಕ್ಕು. ನಮಗೆ ಪಶ್ಚಿಮ ಎಂದರೆ ಕಡಲು. ಕಡಲ ಕಡೆ ನೋಡದೆ, ಗಾಳಿ ಕೇಳದೆ ದೋಣಿ ಇಳಿಸುವವರು ನಮ್ಮಲ್ಲಿ ಯಾರಿದ್ದಾರೆ?

*4. ಹೆದರಿಕೆಗೆ ಉತ್ತರ ಕೊಡುವುದು ಹೇಗೆ?*

ಇವತ್ತಿನ ಚಿಂತನೆಯಲ್ಲಿ ಮುಖ್ಯವಾದದ್ದು ಇದು. ಭಗ್ಗ ದೇಶದ ಸುಂಸುಮಾರಗಿರಿಯಲ್ಲಿ ನಕುಲಪಿತ, ನಕುಲಮಾತೆ ಎಂಬ ವೃದ್ಧ ದಂಪತಿ ಇದ್ದರು. ಒಮ್ಮೆ ನಕುಲಪಿತನಿಗೆ ಕಾಯಿಲೆ ಜೋರಾಯಿತು. ಮನೆಯ ಗತಿಯೇನು ಎಂಬ ಚಿಂತೆಯಲ್ಲಿ ಅವನು ಒದ್ದಾಡುತ್ತಿರುವುದನ್ನು ನಕುಲಮಾತೆ ಕಂಡಳು. “ಏನೂ ಆಗಲ್ಲ, ಸುಮ್ಮನೆ ಮಲಗಿ” ಎಂದು ಅವಳು ಹೇಳಲಿಲ್ಲ. ಅವನ ಮನಸ್ಸಿನಲ್ಲಿದ್ದ ಒಂದೊಂದು ಭಯವನ್ನೂ ಹೆಸರು ಹಿಡಿದು ಎತ್ತಿ, ಒಂದೊಂದಕ್ಕೂ ಬೇರೆ ಬೇರೆ ಉತ್ತರ ಕೊಟ್ಟಳು. ಮಕ್ಕಳನ್ನು ಸಾಕಲಾರಳು ಎಂಬ ಭಯವೇ, ತನಗೆ ಹತ್ತಿ ನೂಲುವುದು, ಉಣ್ಣೆ ಹಿಂಜುವುದು ಬರುತ್ತದೆ. ಬೇರೆ ಮನೆ ಸೇರುತ್ತಾಳೆ ಎಂಬ ಭಯವೇ, ಇಷ್ಟು ವರ್ಷದ ಬಾಳ್ವೆಯೇ ಸಾಕ್ಷಿ. ಶೀಲ ಬಿಡುತ್ತಾಳೆ, ಧಮ್ಮ ಬಿಡುತ್ತಾಳೆ ಎಂಬ ಭಯಕ್ಕೂ ಹಾಗೆಯೇ. ಅವನ ಮನಸ್ಸು ಹಗುರಾಯಿತು, ಕಾಯಿಲೆಯೂ ಇಳಿಯಿತು. ಮುಂದೆ ಕೋಲೂರಿಕೊಂಡು ಬಂದ ಅವನಿಗೆ, ಇಂಥ ಹಿತೈಷಿ ಪತ್ನಿ ಸಿಕ್ಕಿದ್ದು ನಿನ್ನ ಭಾಗ್ಯ ಎಂಬರ್ಥದ ಮಾತನ್ನು ಭಗವಾನರು ಹೇಳಿದರು.

ಅಲ್ಲಿ ಹೆಂಡತಿ ಗಂಡನ ಭಯಕ್ಕೆ ಉತ್ತರ ಕೊಟ್ಟಳು. ಇಲ್ಲಿ ಗಂಡನ ಸರದಿ. “ನಂಗೆ ಹೆದ್ರಿಕೆ” ಎಂದವರ ಹೆದರಿಕೆಯನ್ನು ಒಂದೊಂದಾಗಿ ಬಿಡಿಸಿ ಕೇಳಬೇಕು, ಒಂದೊಂದಕ್ಕೂ ಉತ್ತರ ಹುಡುಕಬೇಕು.

▪️ ಮಳೆಗಾಲದ ರಾತ್ರಿಯ ಭಯವೇ? ರೆಡ್ ಅಲರ್ಟ್ ಇದ್ದ ದಿನ ಬೈಕ್ ತೆಗೆಯುವುದಿಲ್ಲ, ಕಾರವಾರದಲ್ಲಿ ಗೆಳೆಯನ ರೂಮಿನಲ್ಲೇ ಉಳಿಯುತ್ತೇನೆ ಎಂದು ಮಾತು ಕೊಡಬಹುದು. ಕೊಟ್ಟರೆ ಉಳಿಸಿಕೊಳ್ಳಬೇಕು.
▪️ ವೇಗದ ಭಯವೇ? ಹೆಲ್ಮೆಟ್ ಎರಡು ಬರಲಿ, ಬ್ರೇಕಿಗೆ ಎಬಿಎಸ್ ಇದೆಯೇ ನೋಡಿ ಆರಿಸಲಿ.
▪️ ಏನಾದರೂ ಆದರೆ ಗತಿಯೇನು ಎಂಬ ಭಯವೇ? ಹೊಸ ಗಾಡಿಗೆ 5 ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ, ಆದರೆ ಅದು ಎದುರಿನವರಿಗೆ. ಓಡಿಸುವ ಮಾಲೀಕರ 15 ಲಕ್ಷದ ಅಪಘಾತ ವಿಮೆ ಎಷ್ಟು ವರ್ಷಕ್ಕೆ ಇದೆ, ನಾಮಿನಿ ಯಾರು ಎಂದು ಇಬ್ಬರೂ ಕೂತು ಪಾಲಿಸಿಯಲ್ಲಿ ನೋಡಲಿ.
▪️ ಮಗಳ ಓದಿನ ಭಯವೇ? ಆ ಪಾಸ್‌ಬುಕ್ ಅವರ ಕೈಯಲ್ಲೇ ಇರಲಿ.

ಪತ್ನಿಗೂ ಒಂದು ಮಾತು. ಹದಿಮೂರು ವರ್ಷದ ಗಾಡಿಯಲ್ಲಿ ದಿನಾ 70 ಕಿ.ಮೀ. ಹೋಗುವುದರಲ್ಲಿಯೂ ಅಪಾಯವಿದೆ. ಇರುಳಲ್ಲಿ ಹಾರವಾಡದ ಹತ್ತಿರವೋ ಅಮದಳ್ಳಿಯ ಹತ್ತಿರವೋ ಗಾಡಿ ಕೆಟ್ಟು ನಿಂತರೆ ಅದೂ ಹೆದರಿಕೆಯೇ. “ಬೇಡ” ಎನ್ನುವ ಮುನ್ನ ಅದನ್ನೂ ತೂಗಬೇಕು. ದೀಘಜಾಣುವಿಗೆ ಸಮಜೀವನ ಬೋಧಿಸುವಾಗ ಭಗವಾನರು ತಕ್ಕಡಿಯ ಹೋಲಿಕೆ ಕೊಟ್ಟರು. ಆದಾಯ ಇಷ್ಟು, ಖರ್ಚು ಇಷ್ಟು ಎಂದು ತೂಗಿ, ತೀರಾ ದುಂದೂ ಅಲ್ಲದೆ ತೀರಾ ಜಿಪುಣತನವೂ ಅಲ್ಲದೆ ಬಾಳುವುದು. ಮನೆಯ ತಕ್ಕಡಿಯನ್ನು ಇಬ್ಬರೂ ಸೇರಿ ಹಿಡಿಯಬೇಕು.

*5. ಒಪ್ಪಿಗೆ ಬರದಿದ್ದರೆ?*

ಒಂದು ಉಪಾಯವಿದೆ. ಹಳೆಯ ಗಾಡಿಯನ್ನು ಸದ್ಯಕ್ಕೆ ರಿಪೇರಿ ಮಾಡಿಸಿ, ಆಸೆಪಟ್ಟ ಬೈಕಿನ ಕಂತು 5,900 ರೂ.ಗಳನ್ನು ಆರು ತಿಂಗಳು ನಿಮಗೆ ನೀವೇ ಕಟ್ಟಿಕೊಳ್ಳಿ, ಬೇರೆ ಖಾತೆಯಲ್ಲಿ. ಆರು ತಿಂಗಳಿಗೆ 35,400 ರೂ. ಆಗುತ್ತದೆ. ಸಲೀಸಾಗಿ ಕಟ್ಟಿದಿರಾದರೆ ಮನೆಗೆ ಆ ಭಾರ ತಡೆಯುತ್ತದೆ ಎಂದು ಇಬ್ಬರಿಗೂ ಗೊತ್ತಾಯಿತು, ಮುಂಗಡವೂ ಕೂಡಿತು. ಮೂರನೇ ತಿಂಗಳಿಗೇ ಉಸಿರು ಕಟ್ಟಿತಾದರೆ ಅದೂ ಗೊತ್ತಾಯಿತು, ಬ್ಯಾಂಕಿನವರ ಫೋನಿಲ್ಲದೆ. ಆಸೆಗೂ ಆರು ತಿಂಗಳ ಪರೀಕ್ಷೆ ಆಗುತ್ತದೆ. ಕೆಲವು ಆಸೆ ಅಷ್ಟರಲ್ಲಿ ತಾನೇ ಇಳಿಯುತ್ತದೆ, ಕೆಲವು ನಿಲ್ಲುತ್ತದೆ.

ಯಾವ ಬೈಕು ಕೊಳ್ಳಬೇಕು ಎಂದು ಬಳಗ ಹೇಳುವುದಿಲ್ಲ. ಅದು ಆ ಮನೆಯ ತೀರ್ಮಾನ. ಮೂರು ವಾರದ ಮೌನವನ್ನು ಮಾತ್ರ ಮೊದಲು ಮುರಿಯಬೇಕು. ಅದು ಆರ್ಯ ಮೌನವಲ್ಲ. ಮಾತಿಗೆ ಭಗವಾನರು ಐದು ಲಕ್ಷಣ ಹೇಳಿದ್ದಾರೆ: ಸಮಯಕ್ಕೆ ತಕ್ಕದ್ದು, ಸತ್ಯವಾದದ್ದು, ಮೃದುವಾದದ್ದು, ಹಿತವಾದದ್ದು, ಮೈತ್ರಿಯಿಂದ ಬಂದದ್ದು. ಮೊದಲನೆಯದೇ ಸಮಯ. ಪಾಳಿ ಮುಗಿಸಿ ದಣಿದು ಬಂದ ಹೊತ್ತು ಬೇಡ, ಮಗಳು ಓದುತ್ತಾ ಕೂತಿರುವಾಗ ಅವಳೆದುರೂ ಬೇಡ.

*ಇಂದಿನ ಅಭ್ಯಾಸ*

ಇವತ್ತು ರಾತ್ರಿ ಊಟವಾದ ಮೇಲೆ ಒಂದು ಹಾಳೆಯಲ್ಲಿ ನಾಲ್ಕು ಮನೆ ಗೆರೆ ಎಳೆಯಿರಿ: ಅನುಭವ, ಉದ್ಯೋಗಕ್ಕೆ ಎರಡು, ಕಷ್ಟಕಾಲ. ನಿಮ್ಮ ಮನೆಯಲ್ಲಿ ಈಗ ಮಾತಿಗೆ ಸಿಕ್ಕಿಹಾಕಿಕೊಂಡಿರುವ ಖರ್ಚು ಯಾವುದೇ ಇರಲಿ, ಬೈಕು, ಚಿನ್ನ, ಮನೆ ರಿಪೇರಿ, ಅದನ್ನು ಯಾವ ಮನೆಯಲ್ಲಿ ಬರೆಯಬೇಕು ಎಂದು ಇಬ್ಬರೂ ಕೂಡಿ ತೀರ್ಮಾನಿಸಿ. ಬರೆಯುವ ಮೊದಲು ಎದುರಿಗಿರುವವರನ್ನು ಒಂದು ಪ್ರಶ್ನೆ ಕೇಳಿ: “ನಿಮಗೆ ಇದರಲ್ಲಿ ಹೆದರಿಕೆ ಯಾವುದು?” ಉತ್ತರ ಮುಗಿಯುವವರೆಗೆ ನಡುವೆ ಬಾಯಿ ಹಾಕಬೇಡಿ.

ಎಲ್ಲ ಮನೆಗಳಲ್ಲೂ ಮೈತ್ರಿ ನೆಲೆಸಲಿ. ದಾರಿಯಲ್ಲಿ ಇರುವವರೆಲ್ಲ ಸುಖವಾಗಿ ಮನೆ ತಲುಪಲಿ.

ಭವತು ಸಬ್ಬ ಮಂಗಲಂ.
ಸಾಧು, ಸಾಧು, ಸಾಧು 🙏

_ಹಿತವೆನಿಸಿದರೆ ಇನ್ನೊಂದು ಮನೆಗೆ ಕಳುಹಿಸಿ._